ಮನೆ ಸಾಮಾನಿಗೆ ಕ್ರೆಡಿಟ್ ಕಾರ್ಡ್: ಅಂಗಡಿ ಲೆಕ್ಕದ ಪುಸ್ತಕ ಕಾಯುತ್ತೆ, ಕಾರ್ಡ್ ಕಾಯಲ್ಲ

ಅಕ್ಕಿಹೆಬ್ಬಾಳು: "ಬರ್ಕೊಳ್ಳಣ್ಣ, ಕಬ್ಬಿನ ದುಡ್ಡು ಬಂದ್ಮೇಲೆ ಕೊಡ್ತೀನಿ." ನಮ್ಮ ಕಡೆ ದಿನಸಿ ಅಂಗಡಿಗಳಲ್ಲಿ ಈ ಮಾತು ಕೇಳದ ದಿನವಿಲ್ಲ. ಅದರ ಜೊತೆಗೆ ಈಗ ಇನ್ನೊಂದು ಮಾತೂ ಕೇಳಿಬರ್ತಿದೆ: "ಅಣ್ಣ, ಕ್ರೆಡಿಟ್ ಕಾರ್ಡ್ ಹಾಕ್ಬಹುದಾ?" ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವ ಹುಡುಗರು, ಕಾರ್ಖಾನೆ ಕೆಲಸದವರು, ಮೇಷ್ಟ್ರುಗಳು ಹೀಗೆ ಬಹಳ ಜನರ ಬಳಿ ಒಂದಾದರೂ ಕಾರ್ಡ್ ಇದೆ. ಕೆಲವರ ಕಾರ್ಡ್ ಜೇಬಿನಲ್ಲಿ ಇರೋದೇ ಇಲ್ಲ, ಫೋನಿನ ಯುಪಿಐ ಆ್ಯಪ್ ಒಳಗಿರುತ್ತೆ. ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಹೋಗೋದು ಖಾತೆಯ ದುಡ್ಡೋ, ಬ್ಯಾಂಕಿನ ಸಾಲವೋ ಅಂತ ಎದುರಿಗಿರೋ ಅಂಗಡಿಯವರಿಗೂ ಗೊತ್ತಾಗಲ್ಲ.

ಅಕ್ಕಿ, ಎಣ್ಣೆ, ಗ್ಯಾಸ್, ಮಕ್ಕಳ ಫೀಸು, ಮಾತ್ರೆ ಎಲ್ಲವನ್ನೂ ಕಾರ್ಡಿನಲ್ಲಿ ತರೋದು ಲಾಭವೋ ನಷ್ಟವೋ? ಈ ಪ್ರಶ್ನೆಗೆ ಬೆಂಗಳೂರಿನವರಿಗೆ ಒಂದು ಉತ್ತರ, ಕೆ.ಆರ್.ಪೇಟೆ, ಪಾಂಡವಪುರ, ನಾಗಮಂಗಲದವರಿಗೆ ಇನ್ನೊಂದು ಉತ್ತರ. ಯಾಕೆ ಅಂತ ಮುಂದೆ ನೋಡೋಣ.

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ

"ನಮ್ಮತ್ರ ಆಗ್ಲೇ ಕ್ರೆಡಿಟ್ ಕಾರ್ಡ್ ಇದೆಯಲ್ಲ, ಸೊಸೈಟೀಲಿ ಕೊಟ್ಟಿದ್ದು" ಅನ್ನುವ ಹಿರಿಯರು ಇದ್ದಾರೆ. ಅವರು ಹೇಳ್ತಿರೋದು ಕಿಸಾನ್ ಕ್ರೆಡಿಟ್ ಕಾರ್ಡ್. 1998ರಲ್ಲಿ ಶುರುವಾದ ಯೋಜನೆ ಅದು, ಮುಖ್ಯವಾಗಿ ಬೆಳೆ ಸಾಲಕ್ಕೆ. ಅದರ ಬಡ್ಡಿಗೆ ಸರ್ಕಾರದ ಸಹಾಯಧನ ಉಂಟು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಪಡೆದ ಅಲ್ಪಾವಧಿ ಬೆಳೆ ಸಾಲಕ್ಕೆ, ಅವಧಿಯೊಳಗೆ ಕಟ್ಟಿದರೆ, 5 ಲಕ್ಷ ರೂ.ವರೆಗೆ ಬಡ್ಡಿಯೇ ಇಲ್ಲ. 2023ರ ಬಜೆಟ್‌ನಲ್ಲಿ ಈ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು.

ಬ್ಯಾಂಕ್ ಕೊಡುವ ಮಾಮೂಲಿ ಕ್ರೆಡಿಟ್ ಕಾರ್ಡಿಗೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವೇ ಇಲ್ಲ. ಅದರ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ. 3ರಿಂದ 3.75. ಶೇಕಡಾ ಲೆಕ್ಕ ಅಂದ್ರೆ ಗಮನ ಹರಿಯಲ್ಲ, ನಮ್ಮೂರ ಭಾಷೆಯಲ್ಲೇ ಹೇಳೋಣ. ಕೈಸಾಲಕ್ಕೆ "ಎರಡು ರೂಪಾಯಿ ಬಡ್ಡಿ, ಮೂರು ರೂಪಾಯಿ ಬಡ್ಡಿ" ಅಂತೀವಲ್ಲ, ನೂರಕ್ಕೆ ತಿಂಗಳಿಗೆ ಇಷ್ಟು ಅಂತ, ಆ ಲೆಕ್ಕದಲ್ಲಿ ಕಾರ್ಡಿನದು ಮೂರೂವರೆ ರೂಪಾಯಿ ಬಡ್ಡಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಎಲ್ಲಾ ಸೇರಿ ನಾಲ್ಕು ರೂಪಾಯಿ ಬಡ್ಡಿ ದಾಟುತ್ತೆ. ಊರಲ್ಲಿ ಯಾರಾದ್ರೂ ನಾಲ್ಕು ರೂಪಾಯಿ ಬಡ್ಡಿಗೆ ಸಾಲ ಕೊಡ್ತೀನಿ ಅಂದ್ರೆ ನಾವು ಎರಡು ಸಲ ಯೋಚನೆ ಮಾಡ್ತೀವಿ. ಹೊಳೆಯುವ ಪ್ಲಾಸ್ಟಿಕ್ ಕಾರ್ಡಿನಲ್ಲಿ ಬಂದ್ರೆ ಯೋಚನೆ ಮಾಡಲ್ಲ.

ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕೋದು ಸರಿಯಲ್ಲ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಹಾಗಾಗಿ "ಇಷ್ಟೊಂದು ಬಡ್ಡಿ ಕಾನೂನುಬಾಹಿರ" ಅಂತ ವಾದ ಮಾಡೋಕೆ ಈಗ ದಾರಿ ಇಲ್ಲ.

ಬಡ್ಡಿಯಿಲ್ಲದ ದಿನಗಳು ಹೇಗೆ ಲೆಕ್ಕ?

ಕಾರ್ಡಿನ ನಿಜವಾದ ಅನುಕೂಲ ಇರೋದು ಇಲ್ಲಿ. ಪ್ರತಿ ಕಾರ್ಡಿಗೂ ಬಿಲ್ ತಯಾರಾಗುವ ಒಂದು ದಿನ, ಹಣ ಕಟ್ಟುವ ಕೊನೆಯ ದಿನ ಅಂತ ಇರುತ್ತೆ. ನಿಮ್ಮ ಬಿಲ್ ಪ್ರತಿ ತಿಂಗಳು 15ಕ್ಕೆ ತಯಾರಾಗುತ್ತೆ, ಮುಂದಿನ ತಿಂಗಳು 4 ಕೊನೆ ದಿನ ಅಂತ ಇಟ್ಟುಕೊಳ್ಳಿ. ಜುಲೈ 16ಕ್ಕೆ ಸಾಮಾನು ತಂದ್ರೆ ಅದು ಆಗಸ್ಟ್ 15ರ ಬಿಲ್‌ಗೆ ಬರುತ್ತೆ, ಕಟ್ಟೋದು ಸೆಪ್ಟೆಂಬರ್ 4ಕ್ಕೆ. ಅಂದ್ರೆ 50 ದಿನ ಬಡ್ಡಿಯಿಲ್ಲದ ಸಾಲ. ಅದೇ ಸಾಮಾನು ಆಗಸ್ಟ್ 14ಕ್ಕೆ ತಂದ್ರೆ ಬರೀ 21 ದಿನ. ಅಷ್ಟೇ ದುಡ್ಡು, ಅಷ್ಟೇ ಸಾಮಾನು, ತಂದ ದಿನ ಮಾತ್ರ ಬೇರೆ. ಜಾಹೀರಾತಿನಲ್ಲಿ "50 ದಿನ" ಅಂತ ದೊಡ್ಡದಾಗಿ ಬರೆದಿರೋದು ಈ ಗರಿಷ್ಠ ಲೆಕ್ಕವನ್ನ.

ಆದ್ರೆ ಇದಕ್ಕೊಂದು ಷರತ್ತಿದೆ. ಬಿಲ್ಲಿನ ಪೂರ್ತಿ ಮೊತ್ತ ಕೊನೆ ದಿನದೊಳಗೆ ಕಟ್ಟಬೇಕು. ಪೂರ್ತಿ ಅಂದ್ರೆ ಪೂರ್ತಿ. ಒಂದು ಸಲ ನಾನೇ ಇಲ್ಲಿ ಎಡವಿದ್ದೆ. ಬಿಲ್‌ನಲ್ಲಿ ಬಹುಪಾಲು ಕಟ್ಟಿ, ಉಳಿದ ಸ್ವಲ್ಪ ಮುಂದಿನ ತಿಂಗಳು ಕಟ್ಟಿದ್ರಾಯ್ತು, ಆ ಸ್ವಲ್ಪಕ್ಕೆ ತಾನೇ ಬಡ್ಡಿ ಅಂತ ಸುಮ್ಮನಾದೆ. ಮುಂದಿನ ಬಿಲ್ ನೋಡಿ ತಲೆ ಕೆರೆದುಕೊಂಡೆ. ಹೆಚ್ಚಿನ ಬ್ಯಾಂಕುಗಳು ಹಾಕುವ ಲೆಕ್ಕವನ್ನ ದುಂಡು ಸಂಖ್ಯೆಯಲ್ಲಿ ಹೇಳ್ತೀನಿ, ನೋಡಿ.

ಜುಲೈ 20ಕ್ಕೆ 10,000 ರೂ. ಸಾಮಾನು ತಂದಿರಿ. ಸೆಪ್ಟೆಂಬರ್ 4ಕ್ಕೆ 9,000 ಕಟ್ಟಿದಿರಿ, 1,000 ಉಳಿಸಿದಿರಿ. ಬಡ್ಡಿ ಬರೀ ಆ ಸಾವಿರಕ್ಕೆ ಅಲ್ಲ. ಸಾಮಾನು ತಂದ ಜುಲೈ 20ರಿಂದ ನೀವು ಕಟ್ಟಿದ ಸೆಪ್ಟೆಂಬರ್ 4ರವರೆಗೆ, 46 ದಿನಕ್ಕೆ, ಪೂರ್ತಿ ಹತ್ತು ಸಾವಿರದ ಮೇಲೆ ಬಡ್ಡಿ ಬೀಳುತ್ತೆ. ವರ್ಷಕ್ಕೆ ಶೇ. 42ರ ಲೆಕ್ಕದಲ್ಲಿ ಅದು ಸುಮಾರು 529 ರೂ. ಆಮೇಲೆ ಉಳಿದ ಸಾವಿರಕ್ಕೆ ಮುಂದಿನ ಬಿಲ್‌ವರೆಗೆ 12-13 ರೂ. ಎರಡರ ಮೇಲೂ ಜಿಎಸ್‌ಟಿ. ಒಟ್ಟು 640 ರೂ. ಹತ್ತಿರ. ಸಾವಿರ ಉಳಿಸಿಕೊಂಡಿದ್ದಕ್ಕೆ ಆರು ನೂರು ಚಿಲ್ಲರೆ ದಂಡ. ಇಷ್ಟೇ ಅಲ್ಲ, ಬಾಕಿ ಪೂರ್ತಿ ತೀರುವವರೆಗೆ ಹೊಸದಾಗಿ ತರುವ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳು ಸಿಗಲ್ಲ, ತಂದ ದಿನದಿಂದಲೇ ಮೀಟರ್ ಓಡುತ್ತೆ.

"ಕನಿಷ್ಠ ಮೊತ್ತ" ಎಂಬ ಗುಂಡಿ

ಬಿಲ್ಲಿನಲ್ಲಿ ಎರಡು ಸಂಖ್ಯೆ ಇರುತ್ತೆ. ಒಂದು ಪೂರ್ತಿ ಬಾಕಿ, ಇನ್ನೊಂದು ಕಟ್ಟಲೇಬೇಕಾದ ಕನಿಷ್ಠ ಮೊತ್ತ. 20,000 ಬಿಲ್ ಬಂದಾಗ "ಕನಿಷ್ಠ 1,000" ಅಂತ ಕಂಡರೆ ಯಾರಿಗೆ ತಾನೇ ಖುಷಿಯಾಗಲ್ಲ? ಅದನ್ನ ಕಟ್ಟಿದ್ರೆ ತಡ ಶುಲ್ಕ ಬೀಳಲ್ಲ, ಸಿಬಿಲ್ ದಾಖಲೆಯಲ್ಲಿ ಸುಸ್ತಿ ಅಂತ ಬರಲ್ಲ, ಅಷ್ಟು ನಿಜ. ಬಡ್ಡಿ ಮಾತ್ರ ನಿಲ್ಲಲ್ಲ.

ಕನಿಷ್ಠ ಮೊತ್ತ ಬಾಕಿಯ ಶೇ. 5 ಅಂತ ಇಟ್ಟುಕೊಂಡು ನಾನು ಲೆಕ್ಕ ಹಾಕಿ ನೋಡಿದೆ. ಹೊಸ ಸಾಮಾನು ಏನೂ ತರದೆ, 20,000 ರೂ. ಬಾಕಿಗೆ ಒಂದು ವರ್ಷ ಕನಿಷ್ಠವನ್ನಷ್ಟೇ ಕಟ್ಟುತ್ತಾ ಹೋದರೆ, ಹನ್ನೆರಡು ತಿಂಗಳಲ್ಲಿ ಕೈಯಿಂದ ಹೋಗೋದು ಸುಮಾರು 11,800 ರೂ. ಸಾಲ ಎಷ್ಟು ಉಳಿಯುತ್ತೆ ಗೊತ್ತಾ? 17,500 ರೂ.ಗೂ ಮೇಲೆ. ವರ್ಷವಿಡೀ ದುಡಿದು ಕಟ್ಟಿ ಇಳಿಸಿದ ಸಾಲ ಎರಡೂವರೆ ಸಾವಿರ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಸಾಲ ತೀರಲು ವರ್ಷಗಟ್ಟಲೆ ಹಿಡಿಯುತ್ತೆ ಅಂತ ಎಚ್ಚರಿಕೆಯ ಸಾಲು ಬಿಲ್ಲಿನಲ್ಲೇ ಇರಬೇಕು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ. ಇರುತ್ತೆ ಕೂಡ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ.

ನಮ್ಮ ಆದಾಯ ತಿಂಗಳ ಒಂದನೇ ತಾರೀಖು ಬರಲ್ಲ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಕಾರ್ಡ್ ಅನ್ನೋದು ತಿಂಗಳ ಸಂಬಳದವರನ್ನ ಮನಸ್ಸಿನಲ್ಲಿಟ್ಟು ಮಾಡಿದ ವ್ಯವಸ್ಥೆ. ನಮ್ಮ ಹೋಬಳಿಯ ಹೆಚ್ಚಿನ ಮನೆಗಳ ದುಡ್ಡಿನ ದಾರಿಯೇ ಬೇರೆ. ಡೇರಿ ಬಟವಾಡೆ ಆಗಾಗ ಬರುತ್ತೆ, ಆದ್ರೆ ಮೇವು, ಹಿಂಡಿ, ಬೂಸಾ ಕಳೆದು ಉಳಿಯೋದು ಸ್ವಲ್ಪ. ಭತ್ತದ ದುಡ್ಡು ಒಕ್ಕಣೆ ಆದ್ಮೇಲೆ. ಕಬ್ಬು ಸರಬರಾಜಾದ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ಯಾವ ವರ್ಷ ಎಷ್ಟು ದಿನಕ್ಕೆ ಬಂತು ಅಂತ ಕಬ್ಬು ಬೆಳೆದವರನ್ನೇ ಕೇಳಿ. ಗೃಹಲಕ್ಷ್ಮಿಯ 2,000 ರೂ. ಕೂಡ ಇಂಥದೇ ತಾರೀಖು ಅಂತ ನಂಬಿ ಕೂರೋಕಾಗಲ್ಲ.

ಊರ ಅಂಗಡಿಯವರು ಇದನ್ನ ಬಲ್ಲರು. ಅದಕ್ಕೇ ಅವರ ಪುಸ್ತಕ ಕಾಯುತ್ತೆ. ಬೆಲೆಯಲ್ಲಿ ಒಂದೆರಡು ರೂಪಾಯಿ ಹೆಚ್ಚು ಹಾಕಿರಬಹುದು, ಹಳೆ ಬಾಕಿ ಬೆಳೆದಾಗ ಮುಖ ಗಂಟು ಹಾಕಬಹುದು, ಆದ್ರೆ ಮೂರೂವರೆ ರೂಪಾಯಿ ಬಡ್ಡಿ ಹಾಕಲ್ಲ. ಕಾರ್ಡಿಗೆ ಕಟಾವೂ ಗೊತ್ತಿಲ್ಲ, ಬರವೂ ಗೊತ್ತಿಲ್ಲ. 4ನೇ ತಾರೀಖು ಅಂದ್ರೆ 4ನೇ ತಾರೀಖು.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ತಿಂಗಳಿಗೆ ನಿಶ್ಚಿತ ಸಂಬಳ ಅಥವಾ ಪಿಂಚಣಿ ಬರುವ ಮನೆಗೆ ಕಾರ್ಡ್ ಒಳ್ಳೆಯದೇ. ಬೆಳೆಯ ದುಡ್ಡನ್ನೇ ನಂಬಿದ ಮನೆ, ಬರಬೇಕಾದ ದುಡ್ಡಿನ ಭರವಸೆಯಲ್ಲಿ ದಿನಸಿಗೆ ಕಾರ್ಡ್ ಬಳಸಬಾರದು. ಖಾತೆಯಲ್ಲಿ ಈಗಾಗಲೇ ಇರುವ ದುಡ್ಡಿನಷ್ಟಕ್ಕೆ ಮಾತ್ರ ಬಳಸೋದಾದ್ರೆ ತೊಂದರೆಯಿಲ್ಲ. ಸಂಬಳದವರೂ ಒಂದು ಕೆಲಸ ಮಾಡಬಹುದು: ಬಿಲ್ಲಿನ ದಿನ ಬದಲಿಸಿಕೊಡಿ ಅಂತ ಬ್ಯಾಂಕನ್ನ ಕೇಳಿ. ಒಂದು ಸಲವಾದರೂ ಬದಲಿಸಿಕೊಡಬೇಕು ಅನ್ನೋ ನಿಯಮ ಇದೆ. ಸಂಬಳ 7ಕ್ಕೆ ಬರೋದಾದ್ರೆ ಕಟ್ಟುವ ಕೊನೆ ದಿನ 10ರ ಆಚೆ ಬೀಳುವ ಹಾಗೆ ಮಾಡಿಕೊಂಡ್ರೆ ಅರ್ಧ ತಲೆನೋವು ಹೋಯ್ತು.

ಇನ್ನು ಪಾಯಿಂಟ್ಸ್, ಕ್ಯಾಶ್‌ಬ್ಯಾಕ್ ವಿಚಾರ. ದಿನಸಿಗೆ ಶೇ. 1 ವಾಪಸ್ ಅಂದ್ರೆ 8,000 ರೂ. ಸಾಮಾನಿಗೆ 80 ರೂ. ಇದಕ್ಕೋಸ್ಕರ ಊರ ಅಂಗಡಿ ಬಿಟ್ಟು ಮೈಸೂರಿನ ಮಾಲ್‌ಗೆ ಹೋಗಿ, ಬೇಡದ ನಾಲ್ಕು ಸಾಮಾನು ಗಾಡಿಗೆ ತುಂಬಿಕೊಂಡು ಬಂದ್ರೆ ಆ ಎಂಬತ್ತು ಎಲ್ಲಿಗೆ ಹೋಯ್ತು ಅಂತ ನೀವೇ ಲೆಕ್ಕ ಹಾಕಿ. ವಾರ್ಷಿಕ ಶುಲ್ಕ ಇದ್ದರೆ ಅದನ್ನೂ ಕಳೆಯಿರಿ. ಕಾರ್ಡಿನಿಂದ ಎಟಿಎಂನಲ್ಲಿ ದುಡ್ಡು ತೆಗೆಯೋದಂತೂ ಬೇಡವೇ ಬೇಡ. ಹಲವು ಬ್ಯಾಂಕುಗಳಲ್ಲಿ ಒಂದು ಸಲಕ್ಕೆ ಕನಿಷ್ಠ ಶುಲ್ಕವೇ 500 ರೂ. ಆಸುಪಾಸು, ಮೇಲೆ ಜಿಎಸ್‌ಟಿ, ತೆಗೆದ ಕ್ಷಣದಿಂದಲೇ ಬಡ್ಡಿ.

ಅಂಗಡಿಯವರ ಕಡೆಯಿಂದ ನೋಡಿದ್ರೆ

ಯುಪಿಐನಲ್ಲಿ ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ಕಳಿಸಿದ ದುಡ್ಡಿಗೆ 2020ರ ಜನವರಿಯಿಂದ ಅಂಗಡಿಯವರಿಗೆ ಶುಲ್ಕವಿಲ್ಲ. ಕ್ರೆಡಿಟ್ ಕಾರ್ಡ್ ಹಾಗಲ್ಲ. ಸ್ವೈಪಿಂಗ್ ಮಷಿನ್‌ನಲ್ಲಿ ಉಜ್ಜಿದರೆ ಸುಮಾರು ಶೇ. 1.5ರಿಂದ 2 ಕಡಿತವಾಗಿ ಖಾತೆಗೆ ಬರುತ್ತೆ. 6,000 ರೂ. ಬಿಲ್‌ಗೆ ಶೇ. 2 ಅಂದ್ರೆ 120, ಅದರ ಮೇಲೆ ಜಿಎಸ್‌ಟಿ ಸೇರಿ 141 ರೂ. 60 ಪೈಸೆ. ಸಕ್ಕರೆ, ಅಡುಗೆ ಎಣ್ಣೆ, ಅಕ್ಕಿ ಮೂಟೆಯಲ್ಲಿ ಎಷ್ಟು ಉಳಿಯುತ್ತೆ ಅಂತ ಅಂಗಡಿಯವರಿಗೇ ಗೊತ್ತು. ಬಟ್ಟೆ, ಫ್ಯಾನ್ಸಿ, ಎಲೆಕ್ಟ್ರಾನಿಕ್ಸ್ ಅಂಗಡಿಯವರು ತಡೆದುಕೊಳ್ಳಬಹುದು. ದಿನಸಿಯವರಿಗೆ ಇದು ಲಾಭದ ದೊಡ್ಡ ಪಾಲು. "ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ" ಅಂತ ಕೇಳೋದು ಇದಕ್ಕೇ. ಮಷಿನ್ ಕೊಟ್ಟ ಬ್ಯಾಂಕಿನ ಜೊತೆಗಿನ ಒಪ್ಪಂದದಲ್ಲಿ ಸಾಮಾನ್ಯವಾಗಿ ಇದಕ್ಕೆ ಅವಕಾಶ ಇರಲ್ಲ. ಗಿರಾಕಿ ದೂರು ಕೊಟ್ಟರೆ ಮಷಿನ್ ವಾಪಸ್ ಹೋಗಬಹುದು.

2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಿಸಲು ಅವಕಾಶ ಬಂತು. ವೀಸಾ, ಮಾಸ್ಟರ್‌ಕಾರ್ಡ್‌ನವರಿಗೆ ಇದಿಲ್ಲ. ಇಲ್ಲಿ ಸಣ್ಣ ಅಂಗಡಿಯವರು ಎರಡು ವಿಷಯ ತಿಳಿದಿರಬೇಕು. ಸಣ್ಣ ವ್ಯಾಪಾರಿ ಅಂತ ನೋಂದಣಿಯಾಗಿದ್ದರೆ 2,000 ರೂ.ವರೆಗಿನ ಪಾವತಿಗೆ ಶುಲ್ಕ ಇಲ್ಲ, ಅದನ್ನ ದಾಟಿದರೆ ಕಡಿತ ಇದೆ. ಎರಡನೆಯದು, ವ್ಯಾಪಾರಿ ಕ್ಯೂಆರ್ ಇದ್ದರೆ ಮಾತ್ರ ಈ ಕಾರ್ಡ್ ನಡೆಯುತ್ತೆ. ಮಗನ ನಂಬರಿನ ವೈಯಕ್ತಿಕ ಕ್ಯೂಆರ್ ಅಂಟಿಸಿಕೊಂಡಿದ್ರೆ ಗಿರಾಕಿಯ ಫೋನಿನಲ್ಲಿ ಪಾವತಿ ಆಗಲ್ಲ, "ನಿಮ್ಮ ಸ್ಕ್ಯಾನರ್ ಸರಿಯಿಲ್ಲ" ಅಂತ ಜಗಳ. ದಿನದ ಕೊನೆಗೆ ಖಾತೆಗೆ ಬಂದ ಮೊತ್ತ ಸೌಂಡ್ ಬಾಕ್ಸ್ ಕೂಗಿದ್ದಕ್ಕಿಂತ ಕಡಿಮೆ ಇದ್ದರೆ, ಯಾರೋ ಕ್ರೆಡಿಟ್ ಕಾರ್ಡಿನಿಂದ ದೊಡ್ಡ ಮೊತ್ತ ಹಾಕಿದ್ದಾರಾ ಅಂತ ಆ್ಯಪ್‌ನಲ್ಲಿ ಒಮ್ಮೆ ನೋಡಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು, ಬೆಂಗಳೂರಿನಲ್ಲಿ ಅಂಗಡಿಗಳ ಮುಂದಿನ ಕ್ಯೂಆರ್ ಕಿತ್ತುಹಾಕಿದ್ದು ನೆನಪಿರಬಹುದು. ಆ ಭಯ ನಮ್ಮ ಕಡೆಯೂ ಇನ್ನೂ ಹೋಗಿಲ್ಲ. ಕಾರ್ಡಿನ ಪಾವತಿಯೂ ವಹಿವಾಟಿಗೆ ಸೇರುತ್ತೆ ಅನ್ನೋದು ನಿಜ. ನಗದಿನಲ್ಲಿ ಬಂದರೂ ಸೇರುತ್ತೆ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ಬೇಕಿಲ್ಲ. ಖರೀದಿ ಬಿಲ್ ಜೋಪಾನ ಮಾಡಿ.

ಇನ್ನೊಂದು ಮಾತು, ಸ್ವಲ್ಪ ಕಹಿ. ಕಾರ್ಡ್ ಉಜ್ಜಿ ಶೇ. 2-3 ಹಿಡಿದುಕೊಂಡು ಕೈಗೆ ನಗದು ಕೊಡುವ ವ್ಯವಹಾರ ಕೆಲವೆಡೆ ನಡೆಯುತ್ತೆ. ಸಾಮಾನು ಮಾರದೆ ಮಾರಿದ ಹಾಗೆ ತೋರಿಸೋದು ಅದು. ಬ್ಯಾಂಕಿಗೆ ಗೊತ್ತಾದ್ರೆ ಅಂಗಡಿಯವರ ಖಾತೆ, ಗಿರಾಕಿಯ ಕಾರ್ಡ್ ಎರಡೂ ಬಂದ್ ಆಗಬಹುದು. ಒಂದು ಕಾರ್ಡಿನ ಬಿಲ್ ಕಟ್ಟೋಕೆ ಇನ್ನೊಂದು ಕಾರ್ಡ್ ಉಜ್ಜುವ ಹಂತಕ್ಕೆ ಬಂದವರು ಅಲ್ಲಿಗೇ ನಿಲ್ಲಿಸಿ, ಬ್ಯಾಂಕಿಗೆ ಹೋಗಿ ಬಾಕಿಯನ್ನ ಕಂತಿಗೆ ಬದಲಿಸಿಕೊಡಿ ಅಂತ ಕೇಳೋದು ವಾಸಿ. ಕಂತಿನ ಬಡ್ಡಿ ಸಾಮಾನ್ಯವಾಗಿ ಕಾರ್ಡಿನ ಬಡ್ಡಿಗಿಂತ ಕಡಿಮೆ. ಮನೆಯಲ್ಲಿ ಚಿನ್ನ ಇದ್ದರೆ ಬ್ಯಾಂಕಿನ ಚಿನ್ನದ ಸಾಲ ತೆಗೆದು ಕಾರ್ಡ್ ತೀರಿಸೋದು ಲೆಕ್ಕದಲ್ಲಿ ಇನ್ನೂ ಸರಿ, ಮನಸ್ಸಿಗೆ ಕಷ್ಟವಾದ್ರೂ.

ಸುಸ್ತಿಯಾದ್ರೆ ಏನಾಗುತ್ತೆ

ಕೊನೆ ದಿನ ದಾಟಿ ಮೂರು ದಿನ ಮೀರಿದ ಮೇಲೆ ಮಾತ್ರ ಬ್ಯಾಂಕ್ ಅದನ್ನ ಸುಸ್ತಿ ಅಂತ ಸಿಬಿಲ್‌ನಂಥ ಸಂಸ್ಥೆಗಳಿಗೆ ವರದಿ ಮಾಡಬಹುದು, ತಡ ಶುಲ್ಕ ಹಾಕಬಹುದು. ಒಮ್ಮೆ ದಾಖಲಾದರೆ ಮುಂದೆ ಟ್ರ್ಯಾಕ್ಟರ್ ಸಾಲ, ಮನೆ ಸಾಲ, ಮಗಳ ಓದಿನ ಸಾಲಕ್ಕೆ ಹೋದಾಗ ಅಡ್ಡ ಬರುತ್ತೆ. ಕಾರ್ಡ್ ಕೊಟ್ಟ ಬ್ಯಾಂಕಿನಲ್ಲೇ ನಿಮ್ಮ ಉಳಿತಾಯ ಖಾತೆ ಇದ್ದರೆ, ಬಾಕಿಯನ್ನ ಅಲ್ಲಿಂದ ಹಿಡಿದುಕೊಳ್ಳುವ ಷರತ್ತು ಒಪ್ಪಂದದಲ್ಲಿ ಸಾಮಾನ್ಯವಾಗಿ ಇರುತ್ತೆ. ಹಾಲಿನ ದುಡ್ಡು, ಗೃಹಲಕ್ಷ್ಮಿ ದುಡ್ಡು ಬೀಳುವ ಖಾತೆ ಬೇರೆ ಬ್ಯಾಂಕಿನಲ್ಲಿದ್ದರೆ ಒಳ್ಳೆಯದು.

ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನೆಂಟರಿಷ್ಟರ ಮುಂದೆ ಮಾನ ಕಳೆಯುವಂತಿಲ್ಲ. ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ನಮ್ಮ ಜಿಲ್ಲೆಯಲ್ಲೇ ಜೀವ ಹೋದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಆದ್ರೆ ಅದರ ಕಣ್ಣಿರೋದು ನೋಂದಣಿಯಿಲ್ಲದ ಸಾಲಗಾರ ಸಂಸ್ಥೆಗಳ ಮೇಲೆ. ಬ್ಯಾಂಕ್ ಕಾರ್ಡಿನ ವಿಚಾರಕ್ಕೆ ದಾರಿ ಬೇರೆ: ಮೊದಲು ಬ್ಯಾಂಕಿಗೆ ಲಿಖಿತ ದೂರು, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು.

"ಕಾರ್ಡ್ ಲಿಮಿಟ್ ಜಾಸ್ತಿ ಮಾಡ್ತೀವಿ, ಒಟಿಪಿ ಹೇಳಿ" ಅಂತ ಬರುವ ಫೋನ್, ವಾಟ್ಸ್‌ಆ್ಯಪ್‌ನಲ್ಲಿ ಬರುವ ಮದುವೆ ಕರೆಯೋಲೆ ಹೆಸರಿನ ಫೈಲು ಎರಡಕ್ಕೂ ಕೈ ಹಾಕಬೇಡಿ. ಮೋಸ ಆದ್ರೆ ತಕ್ಷಣ 1930ಕ್ಕೆ ಮತ್ತು ಬ್ಯಾಂಕಿಗೆ ತಿಳಿಸಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರಲ್ಲ. ಒಟಿಪಿ ನೀವೇ ಹೇಳಿದ್ರೆ ಈ ರಕ್ಷಣೆ ಇಲ್ಲ. 5,000 ರೂ.ವರೆಗೆ ಪಿನ್ ಇಲ್ಲದೆ ಮಷಿನ್‌ಗೆ ತಾಗಿಸಿದರೆ ಸಾಕಾಗುವ ಸೌಲಭ್ಯವನ್ನ ಬೇಡದವರು ಆ್ಯಪ್‌ನಲ್ಲೇ ಬಂದ್ ಮಾಡಿಡಬಹುದು. ಕಾರ್ಡ್ ಬಸ್ಸಿನಲ್ಲಿ ಬಿದ್ದುಹೋದ್ರೆ ಭಯ ಕಮ್ಮಿ.

ಬೇಡವಾದ ಕಾರ್ಡ್ ಮುಚ್ಚಿಸೋದು

ಬಸ್ ಸ್ಟ್ಯಾಂಡಿನಲ್ಲೋ ಮಾಲ್‌ನಲ್ಲೋ ನಿಂತ ಹುಡುಗರು "ಫ್ರೀ ಕಾರ್ಡ್ ಸಾರ್" ಅಂದಾಗ ದಾಕ್ಷಿಣ್ಯಕ್ಕೆ ಸಹಿ ಹಾಕಿದವರು ಬಹಳ. ಒಪ್ಪಿಗೆ ಇಲ್ಲದೆ ಕಾರ್ಡ್ ಕಳಿಸಿ ಶುಲ್ಕ ಹಾಕಿದರೆ, ಬ್ಯಾಂಕ್ ಆ ಶುಲ್ಕ ವಾಪಸ್ ಮಾಡಿ ಅದರ ಎರಡರಷ್ಟು ದಂಡ ನಿಮಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತೆ. ಬಾಕಿ ತೀರಿಸಿ ಕಾರ್ಡ್ ಮುಚ್ಚಿ ಅಂತ ಕೇಳಿದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ತಡವಾದ್ರೆ ದಿನಕ್ಕೆ 500 ರೂ. ನಿಮಗೆ ಕೊಡಬೇಕು. ಕತ್ತರಿಯಲ್ಲಿ ಎರಡು ತುಂಡು ಮಾಡಿ ಎಸೆದರೆ ಕಾರ್ಡ್ ಮುಚ್ಚಿದ ಹಾಗಲ್ಲ, ವಾರ್ಷಿಕ ಶುಲ್ಕ ಒಳಗೊಳಗೇ ಬೆಳೀತಿರುತ್ತೆ. ಮೇಲ್ ಅಥವಾ ಆ್ಯಪ್ ಮೂಲಕವೇ ಕೇಳಿ, ಮುಚ್ಚಿದ್ದೀವಿ ಅಂತ ಬಂದ ಮೆಸೇಜ್ ಉಳಿಸಿಕೊಳ್ಳಿ. ವರ್ಷಕ್ಕೊಮ್ಮೆ ಸಿಬಿಲ್ ವರದಿ ಉಚಿತವಾಗಿ ಸಿಗುತ್ತೆ. ಎರಡು ಮೂರು ತಿಂಗಳು ಬಿಟ್ಟು ಅದನ್ನ ತೆಗೆದು, ಆ ಕಾರ್ಡಿನ ಎದುರು ಮುಚ್ಚಿದೆ ಅಂತ ಬಂದಿದೆಯಾ ನೋಡಿ.